ಬಿಲ್ಲಿನ ಲೆಕ್ಕವೂ ತೂಕವೇ

(ಇಳಕಲ್‌ನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿಯೂ ಸರ್ವಲೋಕಗಳ ಪಾಲಕನಾದ ಅಲ್ಲಾಹನಿಗೆ ಮೀಸಲು. ಆತನ ಅಂತಿಮ ಪ್ರವಾದಿ ಮುಹಮ್ಮದ್ (ಸ)ರ ಮೇಲೂ ಅವರ ಕುಟುಂಬದವರ ಮೇಲೂ ಸಂಗಾತಿಗಳ ಮೇಲೂ ಶಾಂತಿ ಮತ್ತು ಅನುಗ್ರಹಗಳಿರಲಿ.



ಪವಿತ್ರ ಕುರ್‌ಆನಿನಲ್ಲಿ ಒಂದು ಇಡೀ ಅಧ್ಯಾಯಕ್ಕೆ ತೂಕದಲ್ಲಿ ಮೋಸ ಮಾಡುವವರ ಹೆಸರಿದೆ. ಅದು 83ನೆಯ ಅಧ್ಯಾಯ, ಸೂರಾ ಅಲ್ ಮುತಫ್ಫಿಫೀನ್. ಜನರಿಂದ ಅಳೆದು ಪಡೆಯುವಾಗ ತುಂಬು ಅಳತೆ ಕೇಳಿ, ಜನರಿಗೆ ಅಳೆದು ಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶ ಕಾದಿದೆ ಎಂದು ಅದರ ಆರಂಭದಲ್ಲೇ ಎಚ್ಚರಿಸಲಾಗಿದೆ. ಪ್ರವಾದಿ ಶುಐಬ್ (ಅ) ತಮ್ಮ ಮದ್‌ಯನ್ ಜನಾಂಗಕ್ಕೆ ತೌಹೀದಿನ ಕರೆ ಕೊಟ್ಟ ಬೆನ್ನಲ್ಲೇ ಹೇಳಿದ ಮಾತು, ಅಳತೆ ಮತ್ತು ತೂಕವನ್ನು ಪೂರ್ಣವಾಗಿ ಕೊಡಿ ಎಂಬುದು. ಒಬ್ಬ ಪ್ರವಾದಿಯ ಸಂದೇಶದಲ್ಲಿ ತಕ್ಕಡಿಗೆ ಇಷ್ಟು ದೊಡ್ಡ ಸ್ಥಾನ ಏಕೆ ಸಿಕ್ಕಿತು ಎಂದು ನಾವು ಯೋಚಿಸಬೇಕು.

ಸಂತೆಯಲ್ಲಿ ಜೋಳ ಕೊಳ್ಳುವಾಗ ತಕ್ಕಡಿ ನಮ್ಮ ಕಣ್ಣೆದುರಿಗೇ ಇರುತ್ತದೆ. ಮುಳ್ಳು ಎತ್ತ ವಾಲಿತು, ಬಟ್ಟು ಎಷ್ಟು ಕೆ.ಜಿ.ಯದು ಎಂದು ನೋಡುತ್ತೇವೆ. ಆದರೆ ಇಂದು ನಮ್ಮ ಮನೆಗಳಿಗೆ ಕಣ್ಣಿಗೆ ಕಾಣದ ಸರಕೂ ಬರುತ್ತಿದೆ. ಕರೆಂಟನ್ನು ಯಾರೂ ಚೀಲದಲ್ಲಿ ತುಂಬಿ ತಂದುಕೊಡುವುದಿಲ್ಲ. ಅದನ್ನು ಅಳೆಯುವುದು ಗೋಡೆಯ ಮೇಲಿನ ಮೀಟರ್. ಆ ಅಳತೆ ನಮ್ಮ ಕೈಗೆ ಸಿಗುವುದು ಒಂದು ಗೇಣುದ್ದದ ತೆಳು ಕಾಗದದಲ್ಲಿ, ಅಂದರೆ ಬಿಲ್ಲಿನಲ್ಲಿ. ಹಾಗಾಗಿ ಈ ಕಾಲದ ತಕ್ಕಡಿ ಆ ಬಿಲ್ಲೇ. ತಕ್ಕಡಿ ಕಾಣುವಂತಿರಬೇಕು ಎಂಬುದು ದೀನಿನ ನಿಯಮವಾದರೆ, ಬಿಲ್ಲು ಅರ್ಥವಾಗುವಂತಿರಬೇಕು ಎಂಬುದೂ ಅದೇ ನಿಯಮದ ಭಾಗ.

ಸ್ಪಷ್ಟಪಡಿಸುವುದರಲ್ಲಿ ಬರಕತ್ತು

ಹಕೀಮ್ ಇಬ್ನ್ ಹಿಝಾಮ್ (ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಒಂದು ಹದೀಸ್ ನಮ್ಮ ವ್ಯಾಪಾರಿಗಳೆಲ್ಲರಿಗೂ ಗೊತ್ತಿರಬೇಕು. ಕೊಳ್ಳುವವನೂ ಮಾರುವವನೂ ಸತ್ಯ ನುಡಿದು, ಇದ್ದದ್ದನ್ನು ಸ್ಪಷ್ಟಪಡಿಸಿದರೆ ಅವರ ವ್ಯವಹಾರದಲ್ಲಿ ಬರಕತ್ತು ಇರುತ್ತದೆ. ಮುಚ್ಚಿಟ್ಟು ಸುಳ್ಳು ಹೇಳಿದರೆ ಆ ಬರಕತ್ತು ಅಳಿಸಿಹೋಗುತ್ತದೆ ಎಂಬುದು ಅದರ ಆಶಯ. ಇಲ್ಲಿ ಪ್ರವಾದಿವರ್ಯರು (ಸ) ಎರಡು ವಿಷಯ ಹೇಳಿದ್ದಾರೆ. ಒಂದು ಸತ್ಯ, ಇನ್ನೊಂದು ಸ್ಪಷ್ಟತೆ. ಸುಳ್ಳು ಹೇಳದಿದ್ದರೆ ಸಾಕು ಎಂದು ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಒಬ್ಬ ಮನುಷ್ಯ ಒಂದೂ ಸುಳ್ಳು ಹೇಳದೆ, ಎದುರಿನವನಿಗೆ ಏನೂ ತಿಳಿಯದಂತೆ ವ್ಯವಹಾರ ಮುಗಿಸಬಹುದು. ಆ ದಾರಿಯನ್ನೂ ಅವರು ಮುಚ್ಚಿದರು.

ಮದೀನಾದ ಸಂತೆಯಲ್ಲಿ ಪ್ರವಾದಿವರ್ಯರು (ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಒಳಗೆ ತೇವವಿದ್ದುದು, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆಗೆ ನೆನೆದದ್ದು ಆ ವ್ಯಾಪಾರಿಯ ತಪ್ಪಲ್ಲ. ಕೆಳಗೆ ಮುಚ್ಚಿಟ್ಟದ್ದು ತಪ್ಪು.

ನಮ್ಮ ಊರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಳಕಲ್ ಸೀರೆಯ ಒಡಲು ಹತ್ತಿಯದೋ ರೇಷ್ಮೆಯದೋ, ಸೆರಗಿನ ನೂಲು ಅಸಲಿ ರೇಷ್ಮೆಯೋ ಚಮಕಾವೋ ಎಂಬುದನ್ನು ಕೊಳ್ಳಲು ಬಂದ ತಾಯಂದಿರಿಗೆ ಹೇಳುವುದು ನೇಕಾರನ ಮತ್ತು ಅಂಗಡಿಯವನ ಕರ್ತವ್ಯ. ಚಮಕಾ ಮಾರುವುದು ಹರಾಮ್ ಅಲ್ಲ. ಚಮಕಾವನ್ನು ರೇಷ್ಮೆಯೆಂದು ನಂಬಿಸುವುದು ಹರಾಮ್. ಗುಳೇದಗುಡ್ಡದ ಖಣಕ್ಕೂ ಇದೇ ಮಾತು. ಸೀರೆ ಮಾರುವವರಿಗೆ ಅನ್ವಯಿಸುವ ಈ ನಿಯಮ ಕರೆಂಟು ಮಾರುವವರಿಗೂ, ಮನೆ ಬಾಡಿಗೆಗೆ ಕೊಡುವವರಿಗೂ ಅನ್ವಯಿಸುತ್ತದೆ.

ಕುರ್‌ಆನಿನ ಅತಿ ಉದ್ದದ ಸೂಕ್ತ ಯಾವುದರ ಬಗ್ಗೆ ಇದೆ ಎಂದು ಮಕ್ಕಳನ್ನು ಕೇಳಿ ನೋಡಿ. ಅದು ಸೂರಾ ಅಲ್ ಬಕರದ 282ನೆಯ ಸೂಕ್ತ. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಬರೆಯುವವನು ನ್ಯಾಯದಿಂದ ಬರೆಯಬೇಕು, ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬಾರದು, ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದು ಎಂಬ ಆದೇಶಗಳು ಅದರಲ್ಲಿವೆ. ಹೀಗೆ ಬರೆಯುವುದರಿಂದ ನಿಮಗೆ ಸಂಶಯ ಬಾರದಿರುತ್ತದೆ ಎಂಬ ಕಾರಣವನ್ನೂ ಅಲ್ಲಿ ಕೊಡಲಾಗಿದೆ. ಮೊದಲು ಕರೆಂಟು ಬಳಸಿ ತಿಂಗಳ ಕೊನೆಗೆ ಹಣ ಕೊಡುತ್ತೇವೆಂದರೆ, ಅಷ್ಟು ದಿನ ನಾವು ಸಾಲಗಾರರೇ. ಬಿಲ್ಲು ಆ ಸಾಲದ ಪತ್ರ. ಸಂಶಯ ಹೋಗಲಾಡಿಸಬೇಕಾದ ಪತ್ರವೇ ಸಂಶಯ ಹುಟ್ಟಿಸಿದರೆ ಅದರ ಉದ್ದೇಶ ಕೆಟ್ಟಂತೆ.

ನಮ್ಮ ಕೈಗೆ ಬರುವ ಕಾಗದ

ಬಾಗಲಕೋಟೆ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಬೆಳಗಾವಿ, ವಿಜಯಪುರ ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲಿವೆ. ದರ ನಿಗದಿ ಮಾಡುವುದು ಮಾತ್ರ ಹೆಸ್ಕಾಂ ಅಲ್ಲ. ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೆಲಸ. ಕಂಪನಿ ಅರ್ಜಿ ಹಾಕುತ್ತದೆ, ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆದು ವಿಚಾರಣೆ ನಡೆಸಿ ಆದೇಶ ಹೊರಡಿಸುತ್ತದೆ. ಆಕ್ಷೇಪಣೆ ಸಲ್ಲಿಸುವ ಅವಕಾಶ ದೊಡ್ಡ ಕಾರ್ಖಾನೆಯವರಿಗೆ ಇರುವಷ್ಟೇ ಒಂದು ಮಗ್ಗದ ನೇಕಾರನಿಗೂ ಇದೆ.

ಬಿಲ್ಲಿನಲ್ಲಿ ಏನೇನಿರುತ್ತದೆ? ಮೊದಲು ಆರ್.ಆರ್. ಸಂಖ್ಯೆ. ಅದು ನಿಮ್ಮ ಮೀಟರಿನ ಗುರುತು. ನಂತರ ಮಂಜೂರಾದ ಲೋಡ್, ಅಂದರೆ ಎಷ್ಟು ಕಿಲೋವ್ಯಾಟ್‌ಗೆ ನಿಮ್ಮ ಮನೆಗೆ ಒಪ್ಪಿಗೆ ಸಿಕ್ಕಿದೆ ಎಂಬುದು. ಮುಂದೆ ಹಿಂದಿನ ರೀಡಿಂಗ್, ಈಗಿನ ರೀಡಿಂಗ್. ಎರಡರ ವ್ಯತ್ಯಾಸವೇ ನೀವು ಬಳಸಿದ ಯೂನಿಟ್. ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದಷ್ಟು. 75 ವ್ಯಾಟ್‌ನ ಫ್ಯಾನ್ ಸುಮಾರು 13 ಗಂಟೆ ತಿರುಗಿದರೆ ಒಂದು ಯೂನಿಟ್. 2000 ವ್ಯಾಟ್‌ನ ಗೀಸರ್ ಅರ್ಧ ಗಂಟೆಯಲ್ಲೇ ಒಂದು ಯೂನಿಟ್ ನುಂಗುತ್ತದೆ.

ಬಳಿಕ ಹಣದ ಸಾಲುಗಳು. ನಿಗದಿತ ಶುಲ್ಕವು ಲೋಡ್‌ನ ಮೇಲೆ ಬೀಳುತ್ತದೆ. ಒಂದೂ ಬಲ್ಬು ಹಚ್ಚದಿದ್ದರೂ ಅದನ್ನು ಕೊಡಬೇಕು. ವಿದ್ಯುತ್ ಶುಲ್ಕವು ಯೂನಿಟ್‌ಗಳ ಮೇಲೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಶುಲ್ಕವು ಕಂಪನಿ ಕೊಳ್ಳುವ ವಿದ್ಯುತ್ತಿನ ಬೆಲೆ ಏರಿಳಿದಂತೆ ಏರಿಳಿಯುತ್ತದೆ. ಅನಂತರ ಸರ್ಕಾರದ ತೆರಿಗೆ, ಹಳೆಯ ಬಾಕಿ, ಬಾಕಿಯ ಮೇಲಿನ ಬಡ್ಡಿ. ಬಿಲ್ಲಿನಲ್ಲಿ ‘ಜಕಾತಿ’ ಎಂಬ ಪದ ಕಂಡು ನಮ್ಮ ಹಿರಿಯರು ಕೆಲವರು ಗಾಬರಿಯಾಗುವುದುಂಟು. ಅದಕ್ಕೆ ದರಪಟ್ಟಿ ಎಂದಷ್ಟೇ ಅರ್ಥ. ಅರಬಿಯ ಝಕಾತ್ ಪದವೇ ನಮ್ಮ ಭಾಗದಲ್ಲಿ ಸುಂಕಕ್ಕೆ ಹೆಸರಾಗಿ ಉಳಿದುಕೊಂಡಿದೆ. ಕರೆಂಟಿನ ಜಕಾತಿ ಕೊಟ್ಟರೆ ದೀನಿನ ಝಕಾತ್ ಸಂದಾಯವಾಗುವುದಿಲ್ಲ, ಇದನ್ನು ಮನಸ್ಸಿನಲ್ಲಿಡಿ.

ಈ ಸಾಲುಗಳನ್ನು ಬಿಡಿಸಿ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ವರ್ಷಗಳೇ ಸಾಕ್ಷಿ. 2023ರ ಮೇ ತಿಂಗಳಲ್ಲಿ ಆಯೋಗ ಯೂನಿಟ್‌ಗೆ ಸರಾಸರಿ 70 ಪೈಸೆ ದರ ಏರಿಸಿ, ಅದನ್ನು ಏಪ್ರಿಲ್‌ನಿಂದಲೇ ಜಾರಿಗೆ ತಂದಿತು. ಜೂನ್‌ನಲ್ಲಿ ಬಂದ ಬಿಲ್ಲಿನಲ್ಲಿ ಹೊಸ ದರ, ಹಿಂದಿನ ತಿಂಗಳ ವ್ಯತ್ಯಾಸ, ಹೊಂದಾಣಿಕೆ ಶುಲ್ಕ ಎಲ್ಲವೂ ಒಟ್ಟಿಗೇ ಬಂದವು. ಯಾವುದು ಯಾತಕ್ಕೆ ಎಂದು ತಿಳಿಯದೆ ಜನ ಕಂಗಾಲಾದರು. ಆ ತಿಂಗಳ 22ರಂದು ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ದರ ಏರಿಕೆ ವಿರುದ್ಧ ಬಂದ್‌ಗೆ ಕರೆ ಕೊಟ್ಟಿತ್ತು. ಏರಿಕೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಒಂದೊಂದು ಸಾಲಿಗೂ ಎರಡು ಮಾತಿನ ವಿವರಣೆ ಬಿಲ್ಲಿನ ಜೊತೆ ಬಂದಿದ್ದರೆ ಜನರ ಗೊಂದಲವಾದರೂ ಅರ್ಧ ಕಡಿಮೆಯಾಗುತ್ತಿತ್ತು.

2024ರ ಏಪ್ರಿಲ್‌ನಿಂದ ಗೃಹಬಳಕೆಯ ಸ್ಲ್ಯಾಬ್‌ಗಳನ್ನು ತೆಗೆದು ಯೂನಿಟ್‌ಗೆ 5 ರೂಪಾಯಿ 90 ಪೈಸೆಯ ಒಂದೇ ದರ ಮಾಡಲಾಯಿತು. ಇದು ಲೆಕ್ಕವನ್ನು ಸರಳಗೊಳಿಸಿದ ಹೆಜ್ಜೆ. 2025ರ ಏಪ್ರಿಲ್‌ನಿಂದ ಅದು 5 ರೂಪಾಯಿ 80 ಪೈಸೆಗೆ ಇಳಿಯಿತು. ಆದರೆ ಅದೇ ಹೊತ್ತಿಗೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್‌ಗೆ 36 ಪೈಸೆಯ ಇನ್ನೊಂದು ಸಾಲು ಸೇರಿತು, ನಿಗದಿತ ಶುಲ್ಕವೂ ಏರಿತು. ನೂರು ಯೂನಿಟ್ ಬಳಸುವ ಮನೆಯ ಲೆಕ್ಕ ಹಾಕಿ ನೋಡಿ. ಒಂದು ಸಾಲಿನಲ್ಲಿ 10 ರೂಪಾಯಿ ಇಳಿಯಿತು, ಇನ್ನೊಂದು ಸಾಲಿನಲ್ಲಿ 36 ರೂಪಾಯಿ ಏರಿತು. ‘ದರ ಇಳಿದಿದೆ’ ಎಂಬ ಸುದ್ದಿಯೂ ನಿಜ, ‘ಬಿಲ್ಲು ಹೆಚ್ಚಾಯಿತು’ ಎಂಬ ಮನೆಯವರ ಮಾತೂ ನಿಜ. ಇಂತಲ್ಲೇ ಸ್ಪಷ್ಟಪಡಿಸುವ ಕರ್ತವ್ಯ ಬರುವುದು. ಪಿಂಚಣಿ ನೌಕರರ ಹಕ್ಕು, ಅದನ್ನು ಯಾರೂ ತಳ್ಳಿಹಾಕುವಂತಿಲ್ಲ. ಆದರೆ ಕೊಡುವವನಿಗೆ ತಾನು ಯಾತಕ್ಕೆ ಕೊಡುತ್ತಿದ್ದೇನೆಂದು ಗೊತ್ತಿರಬೇಕು.

ಸೊನ್ನೆ ಬಿಲ್ಲನ್ನೂ ಓದಬೇಕು

2023ರ ಜುಲೈನಿಂದ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತಿದೆ. ಅಲ್ಹಮ್ದುಲಿಲ್ಲಾಹ್, ಬಡವರಿಗೆ ಇದು ದೊಡ್ಡ ಆಸರೆ. ಆದರೆ ಸೊನ್ನೆ ಬಂದ ಮೇಲೆ ಬಿಲ್ಲು ಓದುವುದನ್ನೇ ಬಿಟ್ಟವರು ಬಹಳ. ಕೆಲವರಿಗೆ 200 ಯೂನಿಟ್‌ವರೆಗೆ ಎಲ್ಲರಿಗೂ ಪೂರ್ತಿ ಉಚಿತ ಎಂಬ ತಿಳುವಳಿಕೆ ಇದೆ. ಅದು ಹಾಗಲ್ಲ.

2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಬರುವುದು ನಿಮ್ಮ ಅರ್ಹ ಯೂನಿಟ್. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುವಂತೆ 2024ರಲ್ಲಿ ಬದಲಾವಣೆಯಾಯಿತು. ನಿಮ್ಮ ಸರಾಸರಿ 90 ಇದ್ದರೆ 99 ಯೂನಿಟ್ ಉಚಿತ. ಒಂದು ತಿಂಗಳು 120 ಬಳಸಿದರೆ ಹೆಚ್ಚಿನ 21 ಯೂನಿಟ್‌ಗೆ ಹಣ ಕೊಡಬೇಕು. 2025ರ ಏಪ್ರಿಲ್‌ನಿಂದ ಬಂದ 5 ರೂಪಾಯಿ 80 ಪೈಸೆಯ ದರದಂತೆ ಲೆಕ್ಕ ಹಾಕಿದರೆ 121 ರೂಪಾಯಿ 80 ಪೈಸೆ, ಜೊತೆಗೆ ಇತರ ಶುಲ್ಕ. ಅದೇ ಮನೆ ಸರಿಯಾಗಿ 200 ಯೂನಿಟ್ ಬಳಸಿದರೆ 101 ಯೂನಿಟ್‌ಗೆ 585 ರೂಪಾಯಿ 80 ಪೈಸೆ ಬರುತ್ತದೆ. 205 ಆದರೆ? ಆ ತಿಂಗಳ ಉಚಿತವೇ ಹೋಯಿತು. ಅಷ್ಟೂ ಯೂನಿಟ್‌ಗೆ 1189 ರೂಪಾಯಿ, ಮೇಲೆ ನಿಗದಿತ ಶುಲ್ಕ, ತೆರಿಗೆ. ಐದು ಯೂನಿಟ್‌ಗೆ ಇಷ್ಟು ವ್ಯತ್ಯಾಸ. ಮದುವೆ ಇರುವ ತಿಂಗಳು, ಬೇಸಿಗೆಯಲ್ಲಿ ಕೂಲರ್ ಓಡುವ ತಿಂಗಳು ಮೀಟರಿನ ಮೇಲೆ ಒಂದು ಕಣ್ಣಿಟ್ಟರೆ ಈ ಹೊರೆ ತಪ್ಪುತ್ತದೆ. ಇದು ಜಿಪುಣತನವಲ್ಲ. ದುಂದುವೆಚ್ಚ ಮಾಡುವವರನ್ನು ಶೈತಾನರ ಸಹೋದರರೆಂದು ಕರೆದ ಕುರ್‌ಆನಿಗೆ ಕಿವಿಗೊಡುವುದು.

ವಿದ್ಯುತ್ ಮಗ್ಗದ ಸಹೋದರರಿಗೂ ಒಂದು ಮಾತು. 10 ಎಚ್.ಪಿ.ವರೆಗಿನ ಮಗ್ಗದ ಘಟಕಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ನೀಡುವ ಸೌಲಭ್ಯವನ್ನು ಸರ್ಕಾರ 2023ರಲ್ಲಿ ಕೊಟ್ಟಿತು. ಅದು ಮಗ್ಗದ ಮೀಟರಿಗೆ. ಮನೆಯ ಲೆಕ್ಕ ಬೇರೆ, ಮಗ್ಗದ ಲೆಕ್ಕ ಬೇರೆ. ಎರಡನ್ನೂ ಬೆರೆಸದೆ ಬೇರೆ ಬೇರೆಯಾಗಿ ಇಟ್ಟುಕೊಂಡರೆ ನಿಮಗೂ ನೆಮ್ಮದಿ, ಹಕ್ಕು ಕೇಳುವಾಗ ಮಾತಿಗೂ ಬಲ.

ಬಾಡಿಗೆದಾರನ ಹಕ್ಕು

ಸಹೋದರರೇ, ಇಷ್ಟರವರೆಗೆ ಕಂಪನಿ ನಮಗೆ ಸ್ಪಷ್ಟವಾಗಿ ಹೇಳಬೇಕೆಂಬ ಮಾತಾಯಿತು. ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡೋಣ. ಪಡೆಯುವಾಗ ತುಂಬು ಅಳತೆ ಕೇಳಿ, ಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಅಲ್ಲವೇ ಆ ಸೂರಾ ಎಚ್ಚರಿಸಿದ್ದು?

ನಮ್ಮ ಊರುಗಳಲ್ಲಿ ಒಂದು ಕೋಣೆ, ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟವರು ಬಹಳ ಮಂದಿ. ಬಾಡಿಗೆಗೆ ಬಂದವರು ಗ್ರಾನೈಟ್ ಕೆಲಸದವರು, ಕೂಲಿ ನೇಕಾರರು, ತಳ್ಳುಗಾಡಿಯವರು, ಓದಲು ಬಂದ ಹುಡುಗರು. ಕೆಲವು ಕಡೆ ಬಾಡಿಗೆಯ ಜೊತೆ ‘ಕರೆಂಟಿಂದು ಇಷ್ಟು’ ಎಂದು ತಿಂಗಳಿಗೆ ಒಂದು ಮೊತ್ತ ವಸೂಲಿಯಾಗುತ್ತದೆ. ಬಿಲ್ಲು ತೋರಿಸುವುದಿಲ್ಲ. ಕೆಲವು ಕಡೆ ಒಳಗೊಂದು ಚಿಕ್ಕ ಮೀಟರ್ ಹಾಕಿ, ಬಿಲ್ಲಿನಲ್ಲಿರುವ ದರಕ್ಕಿಂತ ಹೆಚ್ಚು ದರ ಹಿಡಿಯಲಾಗುತ್ತದೆ. ಇದಕ್ಕಿಂತಲೂ ಕೆಟ್ಟದ್ದು, ಗೃಹಜ್ಯೋತಿಯಡಿ ಬಿಲ್ಲು ಸೊನ್ನೆ ಬಂದಾಗಲೂ ಬಾಡಿಗೆದಾರರಿಂದ ಕರೆಂಟಿನ ಹಣ ಪಡೆಯುವುದು. ಇದಕ್ಕೆ ಯಾವ ಹೆಸರು ಕೊಡೋಣ? ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ತಿನ್ನಬಾರದೆಂದು ಸೂರಾ ಅಲ್ ಬಕರದ 188ನೆಯ ಸೂಕ್ತ ತಡೆದಿದೆ. ಕೊಡದ ಸರಕಿಗೆ ಬೆಲೆ ಪಡೆಯುವುದು ಹಲಾಲ್ ಆಗಲು ಸಾಧ್ಯವಿಲ್ಲ. ಆ ಹಣದಿಂದ ಮಾಡಿದ ಇಫ್ತಾರ್ ಕೂಟಕ್ಕೆ ಬರಕತ್ತು ಎಲ್ಲಿಂದ ಬರಬೇಕು?

ಮನೆ ಮಾಲೀಕರು ಮಾಡಬೇಕಾದದ್ದು ಬಹಳ ಸುಲಭ. ಬಾಡಿಗೆ ಎಷ್ಟು, ಕರೆಂಟು ಹೇಗೆ, ನೀರಿನ ಕರ ಯಾರದು ಎಂಬುದನ್ನು ಮೊದಲ ದಿನವೇ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪ್ರತಿ ತಿಂಗಳು ಬಿಲ್ಲನ್ನು ತೋರಿಸಿ. ಒಂದೇ ಮೀಟರಿನಲ್ಲಿ ಎರಡು ಮೂರು ಸಂಸಾರಗಳಿದ್ದರೆ ಹಂಚಿಕೆಯ ಲೆಕ್ಕವನ್ನು ಎಲ್ಲರ ಎದುರು ಮಾಡಿ. ಬೇರೆ ಮೀಟರ್ ಇರುವ ಮನೆಗಳಲ್ಲಿ ಬಾಡಿಗೆದಾರರು ತಮ್ಮ ಆಧಾರ್ ಮೂಲಕ ತಾವೇ ಗೃಹಜ್ಯೋತಿಗೆ ನೋಂದಾಯಿಸಿಕೊಳ್ಳಲು ಅವಕಾಶವಿದೆ. ಅದಕ್ಕೆ ಬೇಕಾದ ಕರಾರು ಪತ್ರ ಕೊಡಲು ಹಿಂದೇಟು ಹಾಕಬೇಡಿ. ಮನೆ ಬಿಟ್ಟು ಹೋಗುವ ಬಾಡಿಗೆದಾರರು ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ ತಮ್ಮ ಆಧಾರ್ ಬಿಡಿಸಿಕೊಂಡು ಹೋಗಬೇಕು. ಇಲ್ಲದಿದ್ದರೆ ಮುಂದೆ ಬರುವವರಿಗೂ ತೊಂದರೆ, ಅವರಿಗೂ ಹೊಸ ಮನೆಯಲ್ಲಿ ತೊಂದರೆ. ಬಾಡಿಗೆದಾರ ಮುಸ್ಲಿಮನಾಗಿರಲಿ, ಬೇರೆ ಧರ್ಮದವನಾಗಿರಲಿ, ಅಲ್ಲಾಹನ ತಕ್ಕಡಿಯಲ್ಲಿ ಹಕ್ಕಿನ ತೂಕ ಒಂದೇ.

ಕದ್ದ ಬೆಳಕು

ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಬಿಲ್ಲು ಪಾರದರ್ಶಕವಾಗಿರಲಿ ಎಂದು ಕೇಳುವ ಬಾಯಿ, ಕಂಬದ ತಂತಿಗೆ ಹುಕ್ ಹಾಕುವ ಕೈಯ ಬಗ್ಗೆ ಮೌನವಾಗಿರಬಾರದು. ವಿದ್ಯುತ್ ಕಳವು 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೆಯ ಕಲಮಿನಡಿ ಅಪರಾಧ. ದೀನಿನಲ್ಲಿ ಅದಕ್ಕೂ ಮೊದಲೇ ಅದು ಕಳವು. ‘ಸರ್ಕಾರದ್ದು, ಯಾರ ಮನೆಯದೂ ಅಲ್ಲ’ ಎಂಬ ಮಾತು ಶೈತಾನ್ ಕಲಿಸಿದ್ದು. ಕದ್ದ ಯೂನಿಟ್ಟಿನ ನಷ್ಟ ಕೊನೆಗೆ ಪ್ರಾಮಾಣಿಕವಾಗಿ ಕಟ್ಟುವವರ ದರದ ಮೇಲೇ ಬೀಳುತ್ತದೆ. ಉರೂಸ್ ಇರಲಿ, ಮದುವೆ ಇರಲಿ, ಮೀಲಾದ್ ಜಲಸಾ ಇರಲಿ, ತಾತ್ಕಾಲಿಕ ಸಂಪರ್ಕ ಪಡೆಯಲು ದಾರಿ ಇದೆ. ದರೂದ್ ಹೇಳುವ ಮೈಕಿಗೆ ಹಲಾಲ್ ಕರೆಂಟೇ ಬೇಕು.

ಶಕ್ತಿ ಇದ್ದೂ ಸಾಲ ತೀರಿಸಲು ಸತಾಯಿಸುವುದು ಅನ್ಯಾಯವೆಂದು ಪ್ರವಾದಿವರ್ಯರು (ಸ) ಕಲಿಸಿದ್ದಾರೆ. ತಡವಾಗಿ ಕಟ್ಟಿದರೆ ಬಡ್ಡಿ ಸೇರುತ್ತದೆ. ಬಡ್ಡಿಯಿಂದ ದೂರವಿರಬೇಕೆನ್ನುವ ನಾವು ಕೊನೆಯ ದಿನಕ್ಕೆ ಮೊದಲೇ ಬಿಲ್ಲು ಕಟ್ಟುವ ರೂಢಿ ಮಾಡಿಕೊಳ್ಳಬೇಕು. ಭದ್ರತಾ ಠೇವಣಿಯ ಮೇಲೆ ಕಂಪನಿ ವರ್ಷಕ್ಕೊಮ್ಮೆ ನಿಮ್ಮ ಖಾತೆಗೆ ಬಡ್ಡಿ ಜಮಾ ಮಾಡುತ್ತದೆ. ಆ ಸಾಲೂ ಬಿಲ್ಲಿನಲ್ಲಿರುತ್ತದೆ. ಅದನ್ನು ಏನು ಮಾಡಬೇಕೆಂದು ನಿಮ್ಮ ಜಮಾಅತ್ತಿನ ಉಲಮಾಗಳನ್ನು ಕೇಳಿಕೊಳ್ಳಿ. ಕೇಳಬೇಕಾದರೂ ಮೊದಲು ಆ ಸಾಲು ನಿಮ್ಮ ಕಣ್ಣಿಗೆ ಬಿದ್ದಿರಬೇಕು.

ಕೇಳುವ ಹಕ್ಕು, ಕೇಳುವ ರೀತಿ

ಬಿಲ್ಲಿನಲ್ಲಿ ಸಂಶಯ ಬಂದರೆ ಏನು ಮಾಡಬೇಕು? ಸುದ್ದಿಯೊಂದು ಬಂದಾಗ ಪರಿಶೀಲಿಸಿ ನೋಡಿ ಎಂದು ಸೂರಾ ಅಲ್ ಹುಜುರಾತ್ ಕಲಿಸುತ್ತದೆ. ಮೊದಲು ಮೀಟರ್ ನೋಡಿ. ಬಿಲ್ಲಿನ ರೀಡಿಂಗಿಗೂ ಮೀಟರಿನ ರೀಡಿಂಗಿಗೂ ತಾಳೆ ಇದೆಯೇ? ಫೋಟೋ ತೆಗೆದಿಡಿ. ಬಿಲ್ಲಿನ ಕಾಗದದ ಅಕ್ಷರ ಕೆಲವು ತಿಂಗಳಲ್ಲೇ ಮಾಸಿಹೋಗುತ್ತದೆ, ಆದ್ದರಿಂದ ಬಿಲ್ಲಿನ ಫೋಟೋವನ್ನೂ ಇಟ್ಟುಕೊಳ್ಳಿ.

ಕೇಂದ್ರ ಸರ್ಕಾರ 2020ರ ಕೊನೆಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ಹೊರಡಿಸಿತು. ಅದರ ಪ್ರಕಾರ ಅಂದಾಜಿನ ಬಿಲ್ಲನ್ನು ಒಂದು ಆರ್ಥಿಕ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಸಲ ಕೊಡುವಂತಿಲ್ಲ. ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರಿಂದ ಸತತ ಎರಡು ಸಲ ರೀಡಿಂಗ್ ತೆಗೆಯಲಾಗದಿದ್ದರೆ, ಗ್ರಾಹಕರೇ ಮೀಟರಿನ ಫೋಟೋ ಕಳಿಸಬಹುದು. ಗೋವಾ, ಮಂಗಳೂರು ಕಡೆ ದುಡಿಯಲು ಹೋಗುವ ಕುಟುಂಬಗಳು ಇದನ್ನು ನೆನಪಿಡಬೇಕು.

ಬಾಕಿಗಾಗಿ ಸಂಪರ್ಕ ಕತ್ತರಿಸುವ ಮೊದಲು ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕೆಂದು ವಿದ್ಯುಚ್ಛಕ್ತಿ ಕಾಯ್ದೆಯ 56ನೆಯ ಕಲಮು ಹೇಳುತ್ತದೆ. ಬಿಲ್ಲಿನ ಬಗ್ಗೆ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ತಕರಾರಿನೊಂದಿಗೆ ಕಟ್ಟಬಹುದು. ಹಾಗೆ ಕಟ್ಟಿದರೆ ತೀರ್ಮಾನವಾಗುವವರೆಗೆ ಸಂಪರ್ಕ ಕತ್ತರಿಸುವಂತಿಲ್ಲ. ಕಟ್ಟುವುದನ್ನೇ ನಿಲ್ಲಿಸಿ ಕೂರುವುದಕ್ಕಿಂತ ಇದು ಒಳ್ಳೆಯ ದಾರಿ. ಎರಡು ವರ್ಷಕ್ಕಿಂತ ಹಳೆಯದಾದ, ನಡುವೆ ಬಿಲ್ಲುಗಳಲ್ಲಿ ಸತತವಾಗಿ ತೋರಿಸದ ಬಾಕಿಯ ಬಗ್ಗೆಯೂ ಅದೇ ಕಲಮಿನಲ್ಲಿ ಗ್ರಾಹಕರಿಗೆ ರಕ್ಷಣೆ ಇದೆ. ಹಳೆಯ ಬಿಲ್ಲುಗಳನ್ನು ಕೂಡಿಡಬೇಕೆನ್ನುವುದು ಇದಕ್ಕೇ.

ದೂರು ಹೇಳಲು 1912 ಸಂಖ್ಯೆ ಇದೆ. ಅಲ್ಲಿ ಬಗೆಹರಿಯದಿದ್ದರೆ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಅದರ ಮೇಲೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದಕ್ಕೂ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ.

ಕೇಳುವ ರೀತಿಯ ಬಗ್ಗೆಯೂ ಒಂದು ಮಾತು. ಬಿಸಿಲಿನಲ್ಲಿ ಮನೆ ಮನೆ ತಿರುಗಿ ರೀಡಿಂಗ್ ತೆಗೆಯುವ ಹುಡುಗ ದರ ನಿಗದಿ ಮಾಡಿದವನಲ್ಲ. ಅವನ ಮೇಲೆ ಕೂಗಾಡಿದರೆ ಬಿಲ್ಲು ಇಳಿಯುವುದಿಲ್ಲ. ಬರೆಯುವವನಿಗೆ ತೊಂದರೆ ಕೊಡಬಾರದೆಂದು 282ನೆಯ ಸೂಕ್ತದಲ್ಲೇ ಇದೆಯಲ್ಲ? ಒಂದು ಲೋಟ ನೀರು ಕೊಡಿ, ರೀಡಿಂಗ್ ಎಷ್ಟು ಬಂತೆಂದು ಕೇಳಿ, ಅವನೆದುರಿಗೇ ಮೀಟರ್ ನೋಡಿ.

ಕಂಪನಿಯನ್ನೂ ಆಯೋಗವನ್ನೂ ಕೇಳಬೇಕಾದದ್ದನ್ನು ಸೌಜನ್ಯದಿಂದ, ಆದರೆ ಬಿಡದೆ ಕೇಳೋಣ. ಬಿಲ್ಲಿನ ಅಕ್ಷರ ವಯಸ್ಸಾದವರ ಕಣ್ಣಿಗೆ ಕಾಣುವಷ್ಟು ದೊಡ್ಡದಿರಲಿ. ಒಡೆದ ಅಕ್ಷರಗಳ ಸಂಕ್ಷೇಪದ ಬದಲು ಪೂರ್ಣ ಕನ್ನಡ ಪದವಿರಲಿ. ಹೊಸ ಶುಲ್ಕ ಸೇರಿದ ತಿಂಗಳು, ಅದು ಯಾವ ಆದೇಶದಂತೆ ಬಂತು, ಯಾತಕ್ಕೆ ಎಂಬ ಒಂದು ಸಾಲಿರಲಿ. ಗೃಹಜ್ಯೋತಿಯ ಅರ್ಹ ಯೂನಿಟ್ ಎಷ್ಟು, ಬಳಸಿದ್ದು ಎಷ್ಟು ಎಂಬುದು ಎದ್ದು ಕಾಣಲಿ. ಮಾಸದ ಮುದ್ರಣವಿರಲಿ. ಇದರಲ್ಲಿ ಒಂದೂ ನಮ್ಮ ಸಮುದಾಯಕ್ಕೆಂದು ಕೇಳುವ ವಿಶೇಷ ಸವಲತ್ತಲ್ಲ. ಪಕ್ಕದ ಓಣಿಯ ನೇಕಾರ ಬಂಧುವಿಗೂ, ಬಾದಾಮಿಯ ರೈತನಿಗೂ, ಹುನಗುಂದದ ಅಂಗಡಿಯವನಿಗೂ ಇದರಿಂದ ಉಪಯೋಗ. ಒಳ್ಳೆಯ ಕೆಲಸದಲ್ಲಿ ಪರಸ್ಪರ ನೆರವಾಗುವ ಆದೇಶ ನಮಗಿದೆ. ಆಯೋಗದ ವಿಚಾರಣೆಯ ಪ್ರಕಟಣೆ ಬಂದಾಗ ಊರಿನ ಎಲ್ಲರೂ ಕೂಡಿ ಒಂದು ಅರ್ಜಿ ಕಳಿಸಲಿ.

ಮನೆಯಿಂದ, ಮಸೀದಿಯಿಂದ

ಕೆಲಸ ಮನೆಯಿಂದ ಶುರುವಾಗಲಿ. ಕಾಲೇಜಿಗೆ ಹೋಗುವ ಮಗನೋ ಮಗಳೋ ತಿಂಗಳಿಗೊಮ್ಮೆ ಬಿಲ್ಲನ್ನು ಅಮ್ಮೀ-ಅಬ್ಬಾ, ದಾದೀಜಾನ್ ಎದುರು ಗಟ್ಟಿಯಾಗಿ ಓದಿ ಹೇಳಲಿ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ರೀಡಿಂಗ್ ಬರೆದಿಡಿ. ಮನೆಯ ಬಳಕೆ ಹೆಚ್ಚು ಗೊತ್ತಿರುವುದು ನಮ್ಮ ತಾಯಂದಿರಿಗೆ, ಸಹೋದರಿಯರಿಗೆ. ಲೆಕ್ಕವೂ ಅವರ ಕೈಯಲ್ಲಿರಲಿ.

ಮಸೀದಿಗಳು ಮಾದರಿಯಾಗಲಿ. ಚಂದಾ ಎಷ್ಟು ಬಂತು ಎಂದು ಜುಮಾದ ದಿನ ಹೇಳುವ ಕಮಿಟಿಯವರು ಮಸೀದಿಯ ಕರೆಂಟ್ ಬಿಲ್ಲನ್ನೂ ನೀರಿನ ಬಿಲ್ಲನ್ನೂ ಸೂಚನಾ ಫಲಕಕ್ಕೆ ಅಂಟಿಸಲಿ. ಜನರ ಹಣ ಜನರ ಕಣ್ಣಿಗೆ ಕಾಣಬೇಕು. ತಿಂಗಳಿಗೊಂದು ದಿನ ಇಶಾ ನಮಾಝಿನ ಬಳಿಕ ಡಿಪ್ಲೊಮಾ, ಐ.ಟಿ.ಐ. ಓದಿದ ಇಬ್ಬರು ಯುವಕರು ಅಂಗಳದಲ್ಲಿ ಕುಳಿತು, ಬಂದವರ ಬಿಲ್ಲು ಓದಿ ಹೇಳಲಿ, ಅರ್ಜಿ ಬರೆದುಕೊಡಲಿ. ಓಣಿಯ ಯಾರು ಬಂದರೂ ಬಾಗಿಲು ತೆರೆದಿರಲಿ. ಓದು ಬಾರದ ಒಬ್ಬ ವಿಧವೆಯ ತಪ್ಪು ಬಿಲ್ಲು ಸರಿಯಾದರೆ, ಆ ಯುವಕರಿಗೆ ಅದು ಸದಕಾ.

ಸಹೋದರರೇ, ಕಿಯಾಮತ್ತಿನ ದಿನ ನಮ್ಮೆಲ್ಲರ ಕೈಗೂ ಒಂದು ಗ್ರಂಥ ಕೊಡಲಾಗುವುದು. ಸಣ್ಣದಾಗಲಿ ದೊಡ್ಡದಾಗಲಿ ಯಾವುದನ್ನೂ ಬಿಡದೆ ಅದರಲ್ಲಿ ಬರೆದಿರುತ್ತದೆ. ಆ ಲೆಕ್ಕದಲ್ಲಿ ಒಂದು ಅಕ್ಷರವೂ ಮಾಸಿರುವುದಿಲ್ಲ, ಒಂದು ಸಾಲೂ ಅರ್ಥವಾಗದೇ ಇರುವುದಿಲ್ಲ. ಬಾಡಿಗೆದಾರನಿಂದ ಹೆಚ್ಚಿಗೆ ಪಡೆದ ನೂರು ರೂಪಾಯಿಯೂ ಅಲ್ಲಿರುತ್ತದೆ, ನೆರೆಯವರಿಗೆ ಬಿಲ್ಲು ಓದಿ ಹೇಳಿದ ಐದು ನಿಮಿಷವೂ ಅಲ್ಲಿರುತ್ತದೆ. ಯಾರಿಂದಲಾದರೂ ಹೆಚ್ಚಿಗೆ ಪಡೆದಿದ್ದರೆ ಈ ಶುಕ್ರವಾರ ಕಳೆಯುವ ಮೊದಲೇ ಹಿಂದಿರುಗಿಸಿ, ಮಾಫಿ ಕೇಳಿ ಬನ್ನಿ.

ಅಲ್ಲಾಹನೇ, ನಮ್ಮ ಸಂಪಾದನೆಯನ್ನು ಹಲಾಲ್ ಮಾಡು. ನಮ್ಮ ಅಳತೆಯನ್ನೂ ತೂಕವನ್ನೂ ನೆಟ್ಟಗಿರಿಸು. ನಮ್ಮ ಹಕ್ಕನ್ನು ನ್ಯಾಯದಿಂದ ಕೇಳುವ, ಇತರರ ಹಕ್ಕನ್ನು ಕೇಳುವ ಮೊದಲೇ ಕೊಡುವ ತೌಫೀಕ್ ನೀಡು. ನಮ್ಮ ಮನೆಗಳನ್ನೂ ನಮ್ಮ ಊರನ್ನೂ ನಿನ್ನ ಬೆಳಕಿನಿಂದ ಬೆಳಗಿಸು. ಆಮೀನ್.